ಕಿಲಿಮ್‌ನಲ್ಲಿ ತೂತು: ನುಸಿ ಗುಳಿಗೆ ಇಟ್ಟರೂ ನಿಲ್ಲುತ್ತಿಲ್ಲ

ತೋಟದಮನೆ_ಮಡಿಕೇರಿ:
ಸಾಕಾಗಿ ಹೋಗಿದೆ. ಹಜಾರದಲ್ಲಿ ಹಾಸಿರುವ ಟರ್ಕಿಯ ಕಿಲಿಮ್ (ಜೂಲಿಲ್ಲದ ನೇಯ್ಗೆಯ ನೆಲಹಾಸು) ತೂತು ಬೀಳುತ್ತಲೇ ಇದೆ. ನುಸಿ ಗುಳಿಗೆ ಇಟ್ಟೆ, ಬೇವಿನ ಸೊಪ್ಪು ಹರಡಿದೆ, ಮಳೆ ಬಿಡುವು ಕೊಟ್ಟಾಗಲೆಲ್ಲ ಬಿಸಿಲಿಗೆ ಹಾಕಿ ಕೋಲಿನಿಂದ ಬಡಿಸಿದೆ. ಅದೇ ಕೋಣೆಯ ಗೋಡೆಯ ಮೇಲೆ ಉಜ್ಬೇಕಿಸ್ತಾನದ ಸುಜನಿ ಕಸೂತಿ ಬಟ್ಟೆ ಇದೆ, ದಿವಾನದ ಮೇಲೆ ನವಲಗುಂದದ ಜಮಖಾನೆ ಇದೆ. ಅವೆರಡಕ್ಕೂ ಏನೂ ಆಗಿಲ್ಲ. ದಯವಿಟ್ಟು ಬೇಗ ಉತ್ತರಿಸಿ.

ನೂಲುಪ್ರೇಮಿ_ಮೈಸೂರು:
ನುಸಿಯೇ, ಅನುಮಾನ ಬೇಡ. ಜಮಖಾನೆ ಹತ್ತಿಯದು, ನುಸಿಮರಿ ಅದನ್ನು ಮುಟ್ಟುವುದಿಲ್ಲ. ಸುಜನಿ ರೇಷ್ಮೆ ಕಸೂತಿಯದಾದರೂ ಗಾಳಿ ಬೆಳಕಿನಲ್ಲಿ ತೂಗುತ್ತಿದೆ. ಕಿಲಿಮ್ ಉಣ್ಣೆಯದು, ನೆಲದ ಮೇಲಿದೆ. ಪಾಲಿಥೀನ್‌ನಲ್ಲಿ ಗಾಳಿಯಾಡದಂತೆ ಸುತ್ತಿ ಮೈನಸ್ 18 ಡಿಗ್ರಿಯಲ್ಲಿ ಎರಡು ವಾರ ಇಡಿ.

ತೋಟದಮನೆ_ಮಡಿಕೇರಿ:
ಅಷ್ಟು ದೊಡ್ಡದನ್ನು ಯಾವ ಫ್ರೀಜರ್‌ನಲ್ಲಿ ಇಡಲಿ? ಮಗುಚಿ ನೋಡಿದೆ. ಹುಳು, ಬಲೆ, ಹಿಕ್ಕೆ ಒಂದೂ ಇಲ್ಲ.

ನೂಲುಪ್ರೇಮಿ_ಮೈಸೂರು:
ಮರಿಗಳು ಬೆಳಕಿಗೆ ಅಂಜಿ ಸೋಫಾದ ಅಡಿಗೆ ಸೇರಿಕೊಳ್ಳುತ್ತವೆ. ಕಾಣದಿದ್ದರೆ ಇಲ್ಲವೆಂದಲ್ಲ. ಸೋಫಾ ಸರಿಸಿ ನೋಡಿ.

ಕಾವೇರಿತೀರ:
ತೆರೆದ ಹಜಾರದಲ್ಲಿ ನುಸಿ ಗುಳಿಗೆ ಇಟ್ಟು ಏನು ಪ್ರಯೋಜನ? ಅದರ ಆವಿ ದಟ್ಟವಾಗಿ ನಿಂತರೆ ಮಾತ್ರ ಹುಳು ಸಾಯುತ್ತದೆ. ಮನೆಯವರ ಉಸಿರಿಗೂ ಅದು ಒಳ್ಳೆಯದಲ್ಲ.

ಸೋಮವಾರಪೇಟೆ_ಅಕ್ಕ:
ನಮ್ಮ ಮನೆಯಲ್ಲಿ ತಲೆಮಾರುಗಳಿಂದ ಕೊಡವ ಉಡುಪಿನ ಕುಪ್ಯ, ಚೇಲೆ (ನಿಲುವಂಗಿ, ನಡುಪಟ್ಟಿ) ಎಲ್ಲವನ್ನೂ ಕಾಪಾಡಿದ್ದು ಅದೇ ಗುಳಿಗೆ.

ಕಾವೇರಿತೀರ:
ಅಕ್ಕ, ನೀವು ಇಟ್ಟದ್ದು ಮುಚ್ಚಿದ ಪೆಟ್ಟಿಗೆಯಲ್ಲಿ. ನಾನು ಹೇಳುತ್ತಿರುವುದೂ ಅದನ್ನೇ.

ಸೋಮವಾರಪೇಟೆ_ಅಕ್ಕ:
ಹಾಗಾದರೆ ಗುಳಿಗೆಯನ್ನು ದೂರಬೇಡಿ, ಇಟ್ಟ ಜಾಗವನ್ನು ದೂರಿ.

ಕುಶಾಲನಗರ_ಕಂಬಳಿ:
ನನ್ನ ಮಾತು ಕೇಳುವುದಾದರೆ ಕಿಲಿಮ್ ಬಿಟ್ಟು ಬೈಲಕುಪ್ಪೆಯ ಟಿಬೆಟಿಯನ್ ರತ್ನಗಂಬಳಿ ತನ್ನಿ. ಸರಳಿಗೆ ನೂಲು ಸುತ್ತಿ, ಸಾಲು ಮುಗಿದ ಮೇಲೆ ಕತ್ತರಿಸುತ್ತಾರೆ, ಹಾಗಾಗಿ ದಪ್ಪ ಜೂಲು ಬರುತ್ತದೆ. ನಮ್ಮ ಹಜಾರದಲ್ಲಿ ಅದರ ಜೊತೆಗೆ ಕಾಶ್ಮೀರದ ನಮ್ದಾ (ಒತ್ತಿ ಮಾಡಿದ ಉಣ್ಣೆಯ ಕಂಬಳಿ), ಇಂಡೋನೇಷ್ಯಾದ ಇಕತ್ ದಿಂಬುಗಳಿವೆ. ಚಿತ್ರ ಹಾಕಲೇ?

ಬಣ್ಣದಬೇರು:
ಆ ಚಿತ್ರಕ್ಕೆ ಬೇರೆ ಚರ್ಚೆ ತೆರೆಯಿರಿ. ತೋಟದಮನೆಯವರೇ, ಕಿಲಿಮ್ ಎಷ್ಟು ಹಳೆಯದು? ತೂತು ಯಾವ ಬಣ್ಣದಲ್ಲಿ ಬೀಳುತ್ತಿದೆ?

ತೋಟದಮನೆ_ಮಡಿಕೇರಿ:
ಇಸ್ತಾಂಬುಲ್‌ನ ಹಳೆಯ ವಸ್ತುಗಳ ಅಂಗಡಿಯಲ್ಲಿ ಕೊಂಡದ್ದು, ಅಜ್ಜಿಯರ ಕಾಲದ ನೇಯ್ಗೆ ಎಂದಿದ್ದರು. ಬಣ್ಣಕ್ಕೂ ತೂತಿಗೂ ಏನು ಸಂಬಂಧ? ನೀವು ಕೇಳಿದ ಮೇಲೆ ನೋಡಿದೆ: ಹೋಗಿರುವುದೆಲ್ಲ ಕಪ್ಪು ಗೆರೆಗಳೇ. ಪಕ್ಕದ ಕೆಂಪು, ನೀಲಿ ಗಟ್ಟಿಯಾಗಿವೆ. ಕಪ್ಪು ಹೋದ ಕಡೆ ಬಿಳಿ ಹಾಸು ಎಳೆಗಳು (ಉದ್ದದ ನೂಲುಗಳು) ಬರಿದಾಗಿ ನಿಂತಿವೆ. ಅಂಚಿನ ಕಪ್ಪು ನೂಲನ್ನು ಬೆರಳಿನಿಂದ ಉಜ್ಜಿದರೆ ಪುಡಿಯಾಗಿ ಬರುತ್ತದೆ.

ಬಣ್ಣದಬೇರು:
ಕಾರಣ ಅಲ್ಲೇ ಇದೆ. ಹಳೆಯ ಕಿಲಿಮ್‌ಗಳ ಕಪ್ಪು ಮತ್ತು ಗಾಢ ಕಂದು ಬಣ್ಣಕ್ಕೆ ಮಾಚಿಕಾಯಿಯಂಥ ಒಗರಿನ (ಟ್ಯಾನಿನ್‌ನ) ಜೊತೆ ಕಬ್ಬಿಣದ ಉಪ್ಪು ಸೇರಿಸುತ್ತಿದ್ದರು. ನಮ್ಮ ಕಲಂಕಾರಿಯ ಕಪ್ಪೂ ಅದೇ ಜಾತಿಯದು, ಅಳಲೆಕಾಯಿಯ ಒಗರು ಮತ್ತು ಕಬ್ಬಿಣ. ಉಳಿದುಕೊಂಡ ಕಬ್ಬಿಣ ವರ್ಷಗಳುದ್ದಕ್ಕೂ ಉಣ್ಣೆಯನ್ನು ಒಳಗಿನಿಂದಲೇ ತಿನ್ನುತ್ತದೆ. ತೇವವೂ ಬಿಸಿಲೂ ಅದಕ್ಕೆ ವೇಗ ಕೊಡುತ್ತವೆ. ಕಕ್ಕಡ ಮಾಸದ ಮಳೆಗೆ ಮಡಿಕೇರಿಯಲ್ಲಿ ತೇವಕ್ಕೆ ಬರವೇ?

ನೂಲುಪ್ರೇಮಿ_ಮೈಸೂರು:
ಒಪ್ಪುವುದಿಲ್ಲ. ನುಸಿ ಒಂದು ಬಣ್ಣವನ್ನು ಮಾತ್ರ ಆರಿಸಿ ತಿನ್ನುವುದೂ ಉಂಟು.

ಬಣ್ಣದಬೇರು:
ಹಾಗಿದ್ದರೆ ಬಿಳಿ ಹಾಸನ್ನು ಬಿಟ್ಟದ್ದೇಕೆ? ತೋಟದಮನೆಯವರೇ, ಕುಚ್ಚಿನಿಂದ ಒಂದು ಚೂರು ಬಿಳಿ ಎಳೆ ಕತ್ತರಿಸಿ ಸುಟ್ಟು ನೋಡಿ.

ತೋಟದಮನೆ_ಮಡಿಕೇರಿ:
ಕೂದಲು ಸುಟ್ಟ ವಾಸನೆ ಬಂತು.

ಬಣ್ಣದಬೇರು:
ಅಂದರೆ ಹಾಸೂ ಉಣ್ಣೆಯೇ. ಕಪ್ಪು ಹೊಕ್ಕನ್ನು (ಅಡ್ಡ ನೂಲನ್ನು) ತಿಂದ ನುಸಿ ಅಷ್ಟೂ ಗೆರೆಗಳಲ್ಲಿ ಬಿಳಿ ಹಾಸನ್ನು ಬಿಡುವುದಿಲ್ಲ. ಮೊದಲು ಬಡಿಯುವುದನ್ನು ನಿಲ್ಲಿಸಿ, ಪುಡಿಯಾದ ನೂಲು ಉದುರುತ್ತಿರುವುದು ಅದರಿಂದಲೇ. ಬಿಸಿಲೂ ಬೇಡ. ವ್ಯಾಕ್ಯೂಮ್ ಹಿಡಿಯುವುದಾದರೆ ತಿರುಗುವ ಬ್ರಷ್ ತೆಗೆದು, ನಡುವೆ ಬಲೆ ಬಟ್ಟೆ ಇಟ್ಟು, ಕಡಿಮೆ ಸೆಳೆತದಲ್ಲಿ ಹಿಡಿಯಿರಿ. ನಡೆದಾಡುವ ದಾರಿಯಿಂದ ಎತ್ತಿಬಿಡಿ. ಹೋದ ಕಪ್ಪು ಮರಳುವುದಿಲ್ಲ, ಉಳಿದದ್ದನ್ನು ಹಿಡಿದಿಡಬಹುದು: ಇಡೀ ಹಿಂಬದಿಗೆ ಒಗೆದ ಹತ್ತಿ ಬಟ್ಟೆ ಕೊಟ್ಟು ಸಡಿಲವಾಗಿ ಹೊಲಿಸಿ. ಗೋಡೆಗೆ ಹಾಕುವ ಆಸೆಯಿದ್ದರೆ ಆ ಹೊಲಿಗೆಯ ನಂತರವೇ, ಅದೂ ಒಳಗೋಡೆಗೆ. ಮಳೆ ಬಡಿಯುವ ಹೊರಗೋಡೆ ಬೇಡ.

ತೋಟದಮನೆ_ಮಡಿಕೇರಿ:
ಕೋಲನ್ನು ಇವತ್ತೇ ಒಳಗಿಟ್ಟೆ. ಮಡಿಕೇರಿ ಅಥವಾ ಮೈಸೂರಿನಲ್ಲಿ ಹಿಂಬದಿ ಹೊಲಿಗೆ ಬಲ್ಲವರು ಯಾರಾದರೂ ಇದ್ದಾರೆಯೇ?

ನೂಲುಪ್ರೇಮಿ_ಮೈಸೂರು:
ಹೊಲಿಸುವ ಮೊದಲು ಸೋಫಾದ ಅಡಿ ನೋಡಿಯೇ ಬಿಡಿ.

ಕುಶಾಲನಗರ_ಕಂಬಳಿ:
ನಮ್ಮ ನಮ್ದಾದ ಕಪ್ಪು ಹೂವೂ ಈಗ ಉದುರುತ್ತಿರುವಂತೆ ಕಾಣುತ್ತಿದೆ. ಅದಕ್ಕೂ ಇದೇ ಕಾರಣವೇ?