ಕೆಲಸಕ್ಕೆ ಫೋಟೊ: ಇವತ್ತು ಸ್ಟುಡಿಯೊ ಸರ್‌ಗೆ ಕೇಳಿ

ಅಡ್ಮಿನ್: ನಮ್ಮ ಬೆಳಗಾವಿ–ಬಾಗಲಕೋಟೆ–ವಿಜಯಪುರ ಉದ್ಯೋಗ ಗುಂಪಿಗೆ ಇವತ್ತು ತಿಲಕವಾಡಿಯ ಫೋಟೊಗ್ರಾಫರ್ ಒಬ್ಬರು ಬಂದಿದ್ದಾರೆ. ರೆಸ್ಯೂಮೆ, ಲಿಂಕ್ಡ್‌ಇನ್, ಅರ್ಜಿ ಫೋಟೊ ಬಗ್ಗೆ ಕೇಳಿ. ಮದುವೆ ಆಲ್ಬಂ ರೇಟ್ ಕೇಳಬೇಡಿ.

ಜಮಖಂಡಿ ಸದಸ್ಯ: ಸರ್, ನಿಜವಾಗಿ ಫೋಟೊದಿಂದ ಕೆಲಸ ಸಿಗುತ್ತದಾ? ಲಿಂಕ್ಡ್‌ಇನ್‌ನಲ್ಲಿ ಫೋಟೊ ಇದ್ದರೆ 21 ಪಟ್ಟು ಲಾಭ ಅಂತ ಒಂದು ಫಾರ್ವರ್ಡ್ ಬಂದಿದೆ.

ಸ್ಟುಡಿಯೊ ಸರ್: ಆ ಲೆಕ್ಕ ಆ ಕಂಪನಿಯೇ ಹೇಳಿಕೊಂಡದ್ದು. ಪ್ರೊಫೈಲ್ ಎಷ್ಟು ಜನ ನೋಡಿದರು ಅನ್ನುವುದು ಅದು, ಎಷ್ಟು ಜನರಿಗೆ ಕೆಲಸ ಸಿಕ್ಕಿತು ಅಂತಲ್ಲ. ಫೋಟೊ ಇಲ್ಲದಿದ್ದರೆ ಖಾತೆ ನಕಲಿ ಇರಬಹುದು ಅಂತ ಅನುಮಾನ ಬರುತ್ತದೆ, ಅಷ್ಟು ನಿಜ. ಹಾಗಂತ ಮದುವೆ ಗ್ರೂಪ್ ಫೋಟೊದಿಂದ ಕತ್ತರಿಸಿದ ಮುಖ ಹಾಕಬೇಡಿ. ಹೆಗಲ ಮೇಲೆ ಇನ್ನೊಬ್ಬರ ಕೈ ಇರುತ್ತದೆ.

ಸಿಂದಗಿ ಸದಸ್ಯ: ಗೋಳಗುಮ್ಮಟದ ಮುಂದೆ ನಿಂತ ಫೋಟೊ ಇದೆ. ನಡೆಯುತ್ತದಾ?

ಸ್ಟುಡಿಯೊ ಸರ್: ಗುಮ್ಮಟ ಕಾಣುತ್ತದೆ, ನೀವು ಕಾಣುವುದಿಲ್ಲ. ತಲೆಯಿಂದ ಎದೆವರೆಗೆ ಸಾಕು.

ಇಳಕಲ್ ಸದಸ್ಯೆ: ಸರ್, ಮನೆಯಲ್ಲೇ ಫೋನ್‌ನಿಂದ ತೆಗೆದರೆ ಆಗುವುದಿಲ್ವಾ? ನನ್ನ ಸೆಲ್ಫಿಯಲ್ಲಿ ಮೂಗು ದೊಡ್ಡದಾಗಿ ಬರುತ್ತದೆ.

ಸ್ಟುಡಿಯೊ ಸರ್: ಆಗುತ್ತದೆ ಅಕ್ಕಾ. ಮೂಗಿನ ತಪ್ಪಲ್ಲ ಅದು, ಅಂತರದ್ದು. ಕೈ ಅಳತೆಯಲ್ಲಿ ಹಿಡಿದರೆ ಹತ್ತಿರ ಇರುವುದೆಲ್ಲ ದೊಡ್ಡದಾಗುತ್ತದೆ. ಫೋನ್ ಬೇರೆಯವರ ಕೈಗೆ ಕೊಡಿ. ಐದಾರು ಅಡಿ ದೂರ ನಿಲ್ಲಿಸಿ, ನಿಮ್ಮ ಕಣ್ಣಿನ ಎತ್ತರಕ್ಕೆ ಹಿಡಿದು 2 ಪಟ್ಟು ಝೂಮ್ ಮಾಡಲಿ. ನೇರ ಬಿಸಿಲು ಬೀಳದ ಕಿಟಕಿಗೆ ಮುಖ ಮಾಡಿ ನಿಲ್ಲಿ. ಟ್ಯೂಬ್‌ಲೈಟ್ ಆಫ್ ಮಾಡಿ. ಬ್ಯೂಟಿ ಮೋಡ್ ಸಹ ಆಫ್ ಮಾಡಿ. ವಾಟ್ಸ್‌ಆ್ಯಪ್‌ನಲ್ಲಿ ಕಳಿಸುವಾಗ ಡಾಕ್ಯುಮೆಂಟ್ ಆಗಿ ಕಳಿಸಿ, ಇಲ್ಲದಿದ್ದರೆ ಫೋಟೊ ಮಸುಕಾಗುತ್ತದೆ.

ಮುದ್ದೇಬಿಹಾಳ ಸದಸ್ಯೆ: ಸರ್, ಮಕ್ಕಳು ಸಣ್ಣವರಿದ್ದರು ಅಂತ ಬಹಳ ವರ್ಷ ಮನೆಯಲ್ಲೇ ಇದ್ದೆ. ಈಗ ಶಾಲೆ ಕೆಲಸಕ್ಕೆ ಅರ್ಜಿ ಹಾಕುತ್ತಿದ್ದೇನೆ. ಬಿಎಡ್ ಮಾಡುವಾಗ ತೆಗೆಸಿದ ಫೋಟೊ ಹಾಕಬಹುದಾ?

ಚಿಕ್ಕೋಡಿ ಸದಸ್ಯ: ಐಬಿಪಿಎಸ್ ಬ್ಯಾಂಕ್ ಪರೀಕ್ಷೆಗೆ ಫೋಟೊ ಎಷ್ಟು ಕೆಬಿ ಸರ್?

ಸ್ಟುಡಿಯೊ ಸರ್: 20ರಿಂದ 50 ಕೆಬಿ, 200×230 ಪಿಕ್ಸೆಲ್. ಸಹಿ 10ರಿಂದ 20 ಕೆಬಿ. ಹಿನ್ನೆಲೆ ತಿಳಿ ಬಣ್ಣ, ಬಿಳಿ ಆದರೆ ಒಳ್ಳೆಯದು. ಅರ್ಜಿ ಹಾಕುವ ದಿನ ಸೂಚನೆಯನ್ನೂ ಓದಿಕೊಳ್ಳಿ.

ಉದ್ಯಮಬಾಗ ಸದಸ್ಯ: ಸರ್, ನಾನು ಫೌಂಡ್ರಿಯಲ್ಲಿ ಕ್ವಾಲಿಟಿ ವಿಭಾಗದಲ್ಲಿದ್ದೇನೆ. ಬಾಯಿ ಸುತ್ತ, ಒಂದು ಕಣ್ಣಿನ ಹತ್ತಿರ ತೊನ್ನು ಇದೆ. ಒಂದು ಸ್ಟುಡಿಯೊದಲ್ಲಿ ನಾನು ಕೇಳದೇ ಅದನ್ನೆಲ್ಲ ಅಳಿಸಿ ಕೊಟ್ಟರು. ಚೆನ್ನಾಗಿತ್ತು, ಹಾಕಿಕೊಂಡೆ. ಪುಣೆ ಕಂಪನಿಯ ವಿಡಿಯೊ ಸಂದರ್ಶನದಲ್ಲಿ ಎಚ್‌ಆರ್ ಮೇಡಂ ಸುಮ್ನೆ ಸ್ಕ್ರೀನ್ ನೋಡುತ್ತಾ ಕೂತರು, ಆಮೇಲೆ ಹೆಸರು ಎರಡು ಸಲ ಕೇಳಿದರು. ಈಗ ಜರ್ಮನಿಗೂ ಹಾಕಬೇಕು ಅಂತಿದ್ದೇನೆ. ಯಾವ ಫೋಟೊ ಹಾಕಲಿ?

ಸ್ಟುಡಿಯೊ ಸರ್: ಇದಕ್ಕೆ ಉದ್ದ ಬರೆಯುತ್ತೇನೆ. ಉಳಿದವರು ಸ್ವಲ್ಪ ತಾಳಿ.

ಆ ಫೋಟೊ ಇವತ್ತೇ ತೆಗೆದುಹಾಕಿ. ನಮ್ಮ ದಂಧೆಯಲ್ಲಿ ಕೇಳದೇ ಮುಖ ಬೆಳ್ಳಗೆ ಮಾಡಿಕೊಡುವ ಚಟ ಇದೆ, ಗಿರಾಕಿ ಖುಷಿಯಾಗುತ್ತಾನೆ ಅಂತ. ರಿಟಚ್‌ಗೆ ನಾನು ಒಂದೇ ಲೆಕ್ಕ ಇಟ್ಟುಕೊಂಡಿದ್ದೇನೆ. ಎರಡು ವಾರದಲ್ಲಿ ತಾನಾಗೇ ಹೋಗುವ ಮೊಡವೆ, ಶೇವಿಂಗ್ ಗಾಯ ಅಳಿಸಬಹುದು. ಮುಖದ ಮೇಲೆ ಉಳಿಯುವುದನ್ನು ಗಿರಾಕಿ ಕೇಳದೇ ಮುಟ್ಟುವ ಹಕ್ಕು ನಮಗಿಲ್ಲ.

ಆ ಮೇಡಂ ಮನಸ್ಸಿನಲ್ಲಿ ಏನಿತ್ತೋ ಯಾರು ಬಲ್ಲರು. ಆದರೆ ಹೆಸರು ಎರಡು ಸಲ ಕೇಳಿದರು ಅಂದರೆ, ಫೋಟೊದಲ್ಲಿರುವವನೇ ಇವನಾ ಅಂತ ಅನುಮಾನ ಬಂದಿರಬೇಕು. ಈಗ ಬೇರೆಯವರನ್ನು ಕೂರಿಸಿ ಸಂದರ್ಶನ ಕೊಡಿಸುವ ಮೋಸ ಜಾಸ್ತಿ ಆಗಿದೆ, ಅವರಿಗೆ ಆ ಭಯ ಇರುತ್ತದೆ. ಫೌಂಡ್ರಿಯಲ್ಲಿ ರಿಜೆಕ್ಷನ್, ಅಂದರೆ ದೋಷದ ಮಾಲು, ಹೇಗೆ ಕಡಿಮೆ ಮಾಡಿದಿರಿ ಅಂತ ನೀವು ಹೇಳುವಾಗ ಅವರು ಮುಖ ತಾಳೆ ಹಾಕುತ್ತಾ ಕೂತಿದ್ದರೆ ನಷ್ಟ ನಿಮ್ಮದೇ.

ಇನ್ನು ತೆಗೆಯುವ ರೀತಿ. ನೇರ ಫ್ಲ್ಯಾಶ್ ಬೇಡವೇ ಬೇಡ. ಕಲೆ ಇದ್ದ ಜಾಗ ಪೂರ್ತಿ ಬೆಳ್ಳಗಾಗಿ ಚರ್ಮದ ವಿವರವೇ ಹೋಗುತ್ತದೆ, ಇದ್ದದ್ದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಕಿಟಕಿ ಬೆಳಕು ಅಥವಾ ದೊಡ್ಡ ಸಾಫ್ಟ್‌ಬಾಕ್ಸ್ (ಬೆಳಕು ಮೃದು ಮಾಡುವ ಸ್ಟುಡಿಯೊ ದೀಪ) ಸರಿ. ಎಕ್ಸ್‌ಪೋಷರ್ (ಕ್ಯಾಮೆರಾ ತೆಗೆದುಕೊಳ್ಳುವ ಬೆಳಕಿನ ಮಟ್ಟ) ಅನ್ನು ಕಲೆಯ ಬಿಳಿಗೆ ಹೊಂದಿಸಿ, ಉಳಿದ ಮುಖವನ್ನು ಆಮೇಲೆ ಸ್ವಲ್ಪ ಬೆಳಗಿಸಬೇಕು. ಹೆಚ್ಚಿನವರು ಇದನ್ನು ಉಲ್ಟಾ ಮಾಡುತ್ತಾರೆ. ಹಿನ್ನೆಲೆ ಬೂದು, ಶರ್ಟ್ ಕಡುನೀಲಿ. ಮುಖದ ಎಣ್ಣೆ ಹೊಳಪು ಟಿಶ್ಯೂದಿಂದ ಒತ್ತಿ ತೆಗೆಯಿರಿ. ದಿನಾ ಕಲೆ ಮುಚ್ಚುವ ಕನ್ಸೀಲರ್ ಹಚ್ಚಿಕೊಂಡೇ ಕೆಲಸಕ್ಕೆ ಹೋಗುವವರಾದರೆ ಫೋಟೊಕ್ಕೂ ಹಚ್ಚಿಕೊಳ್ಳಿ, ಅದು ನಿಮ್ಮ ಇಷ್ಟ. ಫೋಟೊಕ್ಕೆ ಮಾತ್ರ ಅಂತಾದರೆ ಮತ್ತೆ ಅದೇ ಕಥೆ.

ಜರ್ಮನಿಯಲ್ಲಿ ರೆಸ್ಯೂಮೆಗೆ ಫೋಟೊ ಹಚ್ಚುವುದು ಹಳೇ ರೂಢಿ. 2006ರಲ್ಲಿ ಸಮಾನ ಅವಕಾಶದ ಕಾನೂನು ಬಂದ ಮೇಲೆ ಅದು ಕಡ್ಡಾಯ ಅಲ್ಲ. ಹಾಕದೇ ಕಳಿಸಬಹುದು. ಅಮೆರಿಕ, ಬ್ರಿಟನ್‌ಗಾದರೆ ಹಾಕಲೇಬೇಡಿ, ತಾರತಮ್ಯದ ಆರೋಪ ಬರುತ್ತದೆ ಅಂತ ಅಲ್ಲಿನ ಎಷ್ಟೋ ಕಂಪನಿಗಳಿಗೆ ಫೋಟೊ ಬೇಡ.

ಗೋಕಾಕ ಸದಸ್ಯ: ಉದ್ಯಮಬಾಗ ಅಣ್ಣಾ, ಬಾವಂಚಿ ಎಣ್ಣೆ ಹಚ್ಚಿ ದಿನಾ ಬಿಸಿಲಿಗೆ ಕೂಡಿ. ತಿಂಗಳಲ್ಲಿ ಕಲೆ ಮಾಯ. ಫಾರ್ವರ್ಡ್ ಮಾಡಿದ್ದೇನೆ ನೋಡಿ.

ಸ್ಟುಡಿಯೊ ಸರ್: ದಯವಿಟ್ಟು ಅದನ್ನು ಅಳಿಸಿ. ಬಾವಂಚಿ ಹಚ್ಚಿ ಬಿಸಿಲಿಗೆ ಕೂತರೆ ಚರ್ಮ ಸುಟ್ಟು ಬೊಬ್ಬೆ ಏಳಬಹುದು. ಚರ್ಮದ ಡಾಕ್ಟರ್ ಕೈಯಲ್ಲಿರಬೇಕಾದ ಕೆಲಸ ಅದು. ಅವರು ಕೇಳಿದ್ದು ಫೋಟೊ ಬಗ್ಗೆ, ಔಷಧಿ ಬಗ್ಗೆ ಅಲ್ಲ.

ಗೋಕಾಕ ಸದಸ್ಯ: ಒಳ್ಳೆಯದು ಹೇಳಿದರೆ ಇಷ್ಟು ಸಿಟ್ಟಾ? ನಮ್ಮ ಹಿರಿಯರೇನು ದಡ್ಡರಾ?

ಇಳಕಲ್ ಸದಸ್ಯೆ: ಹಿರಿಯರು ಫಾರ್ವರ್ಡ್ ಮಾಡುತ್ತಿರಲಿಲ್ಲ ಅಣ್ಣಾ.

ಅಥಣಿ ಸದಸ್ಯ: ನನಗೆ ಸರ್ ಮಾತು ಒಪ್ಪಿಗೆ ಇಲ್ಲ. ಮೊದಲು ಒಳಗೆ ಕರೆಯಬೇಕಲ್ವಾ? ಕಲೆ ನೋಡಿ ಕರೆಯದೇ ಬಿಟ್ಟರೆ ನೀವು ಕೆಲಸ ಕೊಡುತ್ತೀರಾ?

ಜಮಖಂಡಿ ಸದಸ್ಯ: ಒಳಗೆ ಹೋದ ಮೇಲೆ ಮುಖ ಎಲ್ಲಿ ಬಚ್ಚಿಡುತ್ತಾರೆ ರೀ?

ಅಥಣಿ ಸದಸ್ಯ: ಒಳಗೆ ಹೋದರೆ ಮಾತಾಡಿ ಗೆಲ್ಲಬಹುದು. ನೀವು ಎಷ್ಟು ಸಂದರ್ಶನ ಕೊಟ್ಟಿದ್ದೀರಿ ಹೇಳಿ ಮೊದಲು.

ಸ್ಟುಡಿಯೊ ಸರ್: ಅಥಣಿಯವರ ಭಯ ಸುಳ್ಳಲ್ಲ, ಹಾಗೆ ಕರೆಯದೇ ಬಿಡುವವರು ಇದ್ದಾರೆ. ಅದಕ್ಕೇ ರೆಸ್ಯೂಮೆಯನ್ನು ಫೋಟೊ ಹಾಕದೇ ಕಳಿಸಬಹುದು ಅಂದೆ. ಅಳಿಸಿದ ಫೋಟೊ ಬೇರೆ, ಫೋಟೊ ಇಲ್ಲದ ರೆಸ್ಯೂಮೆ ಬೇರೆ.

ನವನಗರ ಸದಸ್ಯೆ: ಫೋಟೊ ತೆಗೆಸುವ ಹಿಂದಿನ ರಾತ್ರಿ ನಿಂಬೆರಸಕ್ಕೆ ಅಡುಗೆ ಸೋಡಾ ಕಲಸಿ ಹಚ್ಚಿದರೆ ಗ್ಲೋ ಬರುತ್ತದಂತೆ?

ಸ್ಟುಡಿಯೊ ಸರ್: ಉರಿ ಬರುತ್ತದೆ. ಬೇಡ.

ಹುಕ್ಕೇರಿ ಸದಸ್ಯ: ಎಐ ಆ್ಯಪ್ 99 ರೂಪಾಯಿಗೆ ಕೋಟು, ಟೈ ಎಲ್ಲ ಹಾಕಿ ಕೊಡುತ್ತದೆ. ಸ್ಟುಡಿಯೊಕ್ಕೆ ಯಾಕೆ ದುಡ್ಡು?

ಸ್ಟುಡಿಯೊ ಸರ್: ಕೋಟು ಮಾತ್ರ ಬದಲಿಸಿದ್ದರೆ ಯಾರಾದರೂ ಸಹಿಸಬಹುದು. ಅದು ದವಡೆ, ಹಲ್ಲು, ಮೈಬಣ್ಣ ಎಲ್ಲ ಬದಲಿಸುತ್ತದೆ. ಸರ್ಕಾರಿ, ಬ್ಯಾಂಕ್ ಅರ್ಜಿಗೆ ಅದನ್ನು ಹಾಕಿ ಪರೀಕ್ಷೆ ಹಾಲ್‌ನಲ್ಲಿ ಮುಖ ಹೊಂದದಿದ್ದರೆ ನನಗೆ ಫೋನ್ ಮಾಡಬೇಡಿ.

ಹುಕ್ಕೇರಿ ಸದಸ್ಯ: ನಿಮ್ಮ ವ್ಯಾಪಾರ ಹೋಗುತ್ತದೆ ಅಂತ ಹೇಳುತ್ತಿದ್ದೀರಿ.

ಸ್ಟುಡಿಯೊ ಸರ್: ಮನೆ ಕಿಟಕಿ ಹತ್ತಿರ ಪುಕ್ಕಟೆ ತೆಗೆದುಕೊಳ್ಳಿ ಅಂತ ಮೇಲೆ ಬರೆದವನು ನಾನೇ.

ಸಿಂದಗಿ ಸದಸ್ಯ: ಟೈ ಬೇಕೇಬೇಕಾ? ನಮ್ಮ ಏಪ್ರಿಲ್ ಬಿಸಿಲಲ್ಲಿ ಯಾರು ಟೈ ಕಟ್ಟುತ್ತಾರೆ?

ಅಥಣಿ ಸದಸ್ಯ: ಸ್ಟುಡಿಯೊದಲ್ಲಿ ಎಸಿ ಇರುತ್ತದೆ. ಟೈ ಇಲ್ಲದಿದ್ದರೆ ಹೊಲದಿಂದ ಬಂದವರ ಹಾಗೆ ಕಾಣುತ್ತದೆ.

ಸಿಂದಗಿ ಸದಸ್ಯ: ಹೊಲದಿಂದ ಬಂದವರೇ ಇದ್ದೇವೆ. ನಿಮಗೇನು ತೊಂದರೆ?

ಅಡ್ಮಿನ್: ಇಬ್ಬರೂ ಸಾಕು.

ರಾಯಬಾಗ ಸದಸ್ಯೆ: ಸರ್, ಏಜೆನ್ಸಿಯವರು ಏರ್‌ಪೋರ್ಟ್ ಕೆಲಸ ಗ್ಯಾರಂಟಿ ಅನ್ನುತ್ತಾರೆ. ಆದರೆ ಅವರು ಹೇಳಿದವರ ಹತ್ತಿರವೇ ಮೊದಲು 3,000 ಕೊಟ್ಟು ಫೋಟೊ ತೆಗೆಸಬೇಕಂತೆ. ಆಧಾರ್ ಕೂಡ ಕೇಳಿದ್ದಾರೆ.

ಸ್ಟುಡಿಯೊ ಸರ್: ಕೊಡಬೇಡಿ ತಂಗಿ. ಕೆಲಸ ಕೊಡುವವರು ಫೋಟೊಕ್ಕೆ ದುಡ್ಡು ಕೇಳುವುದಿಲ್ಲ. ಆಗಲೇ ದುಡ್ಡು ಕಳಿಸಿದ್ದರೆ ತಡ ಮಾಡದೇ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಬೈಲಹೊಂಗಲ ಸದಸ್ಯ: ಐಬಿಪಿಎಸ್ ಫೋಟೊ ಎಷ್ಟು ಕೆಬಿ?

ಸ್ಟುಡಿಯೊ ಸರ್: ಮೇಲೆ ಇದೆ.

ಮುಧೋಳ ಸದಸ್ಯ: ಸರ್ ಬ್ಯಾಂಕ್ ಪರೀಕ್ಷೆ ಫೋಟೊ ಸೈಜ್ ಹೇಳಿ.

ಸ್ಟುಡಿಯೊ ಸರ್: ಮೇಲೆ. ಇದೆ.

ಗೋಕಾಕ ಸದಸ್ಯ: ಸಿಟ್ಟು ಜಾಸ್ತಿ ಇವರಿಗೆ. ತಂಪಿಗೆ ಸಬ್ಜಾ ಬೀಜ ನೆನೆಸಿ ಕುಡಿಯಲಿ.

ಉದ್ಯಮಬಾಗ ಸದಸ್ಯ: ಸರ್, ಹಳೇ ಫೋಟೊ ತೆಗೆದೆ. ಪುಣೆಯವರಿಗೆ ಹೇಳಬೇಕಾ, ಸುಮ್ಮನಿರಲಾ?

ಸ್ಟುಡಿಯೊ ಸರ್: ಒಂದು ಸಾಲು ಬರೆಯಿರಿ. ಸ್ಟುಡಿಯೊದವರು ತಿದ್ದಿದ ಫೋಟೊ ಇತ್ತು, ಈಗ ಬದಲಿಸಿದ್ದೇನೆ ಅಂತ. ಕ್ಷಮೆ, ಕಾಯಿಲೆ ವಿವರ ಏನೂ ಬೇಡ. ನಾನು ಸ್ಟುಡಿಯೊಕ್ಕೆ ಹೊರಟೆ, ಗಿರಾಕಿ ಕಾಯುತ್ತಿದ್ದಾರೆ.

ಮುದ್ದೇಬಿಹಾಳ ಸದಸ್ಯೆ: ಸರ್, ನನ್ನ ಪ್ರಶ್ನೆ?

ಜಮಖಂಡಿ ಸದಸ್ಯ: ಹೋದರು ಅಕ್ಕಾ. ಹೊಸದು ತೆಗೆಸಿ.

ಹುಕ್ಕೇರಿ ಸದಸ್ಯ: ಆ ಎಐ ಆ್ಯಪ್ ಲಿಂಕ್ ಬೇಕಾದವರು ನನಗೆ ಮೆಸೇಜ್ ಮಾಡಿ.