ಕ್ಯಾಂಪಸ್ಸಿನ ಹಿಪ್‌ಹಾಪ್ ರಾತ್ರಿಗೆ ಹೋಗಿ ಬಂದವರು ತಿಳಿಸಿ

ಬದಿಯಡ್ಕದಿಂದ: ಮಂಗಳೂರು ಕಡೆಯ ಒಂದು ವಿಶ್ವವಿದ್ಯಾಲಯದ ಆವರಣದಲ್ಲಿ ಮುಂದಿನ ಶನಿವಾರ ಹಿಪ್‌ಹಾಪ್ ಕಾರ್ಯಕ್ರಮವಿದೆ. ತಂಗಿಯೊಂದಿಗೆ ಹೋಗಬೇಕೆಂದಿದ್ದೇನೆ. ವೇದಿಕೆಯ ಮುಂದಿನ ಪಾಸ್ ಒಳ್ಳೆಯದೇ, ಹಿಂದಿನದು ಸಾಕೇ? ರಾತ್ರಿ ಮರಳುವುದು ಹೇಗೆ?

ಉಪ್ಪಳದವ: ನಾನು ಹೋದ ಕಾರ್ಯಕ್ರಮದ ಲೆಕ್ಕ ಕೇಳಿ. ಪಾಸ್ 499. ಮೊಬೈಲಿನಲ್ಲಿ ಹಣ ಕಟ್ಟುವಾಗ ಸೇವಾ ಶುಲ್ಕ 45, ಆ ಶುಲ್ಕಕ್ಕೆ ಶೇ. 18 ಜಿಎಸ್‌ಟಿ ಎಂದು 8 ರೂಪಾಯಿ 10 ಪೈಸೆ. ಒಟ್ಟು 552.10. ಗೇಟಿನಲ್ಲಿ ನೀರಿನ ಬಾಟಲಿ ಕಸಿದುಕೊಂಡರು, ಒಳಗೆ ಅಷ್ಟೇ ನೀರಿಗೆ 50. ಹೆಲ್ಮೆಟ್ ಇಡಲು 30. ಆರು ಗಂಟೆಗೆ ಎಂದಿದ್ದರು. ಮುಖ್ಯ ಗಾಯಕ ಬಂದದ್ದು ಒಂಬತ್ತೂ ಕಾಲಿಗೆ. ಅಲ್ಲಿಯವರೆಗೆ ಪ್ರಾಯೋಜಕರ ಜಾಹೀರಾತು, ಹುಡುಗರ ಕುಣಿತ, ಪುನಃ ಜಾಹೀರಾತು. ಹತ್ತಕ್ಕೆ ಪೊಲೀಸರು ಧ್ವನಿವರ್ಧಕ ನಿಲ್ಲಿಸಿದರು. ಅದಕ್ಕಿಂತ ಹೊಟ್ಟೆ ಉರಿಸಿದ್ದು ಬೇರೆ: ಆತ ಮೈಕನ್ನು ಬಾಯಿಂದ ತೆಗೆದಾಗಲೂ ಆತನ ಧ್ವನಿ ಕೇಳುತ್ತಲೇ ಇತ್ತು. ಮುದ್ರಿಸಿಟ್ಟ ಹಾಡು ಕೇಳಲು ಉಪ್ಪಳದಿಂದ ಹೋಗಬೇಕಿತ್ತೇ?

ಮುಳ್ಳೇರಿಯದ ನರ್ಸ್: ಗೆಳತಿಯರೆಲ್ಲ ವೇದಿಕೆಯ ಮುಂದೆ ನಿಂತರು. ನಾನು ಹಿಂದೆ, ಧ್ವನಿ ನಿಯಂತ್ರಿಸುವವರ ಡೇರೆಯ ಪಕ್ಕ. ಅವರು ತಮ್ಮ ಕಿವಿಗೆ ಸರಿಹೊಂದುವಂತೆ ತಾನೇ ಹದಗೊಳಿಸುವುದು? ಮಾತು ಅಲ್ಲೇ ಸ್ಪಷ್ಟ. ಕಿವಿಗೆ ಸ್ಪಂಜಿನ ಬಿರಡೆಯನ್ನೂ ಹಾಕಿಕೊಂಡಿದ್ದೆ, ಅಜ್ಜಿ ಎಂದು ನಕ್ಕರು. 85 ಡೆಸಿಬಲ್ ಸದ್ದನ್ನು ದಿನಕ್ಕೆ ಎಂಟು ಗಂಟೆ ತಾಳಬಹುದು ಎನ್ನುತ್ತಾರೆ. ಮೂರು ಡೆಸಿಬಲ್ ಏರಿದಂತೆಲ್ಲ ಅವಧಿ ಅರ್ಧವಾಗುತ್ತದೆ, 100ಕ್ಕೆ ಕಾಲು ಗಂಟೆ ಮಾತ್ರ. ನಕ್ಕವರಿಗೆ ಮರುದಿನವೂ ಕಿವಿಯಲ್ಲಿ ಗುಂಯ್ ಎನ್ನುತ್ತಿತ್ತು. ಯಾರೂ ನನ್ನ ಬಳಿ ಒಪ್ಪಿಕೊಳ್ಳಲಿಲ್ಲ, ಅವರ ತಾಯಂದಿರು ಹೇಳಿದರು.

ಕುಂಬಳೆಯ ಮಾಷ್ಟ್ರು: 2023ರ ನವೆಂಬರ್ 25 ಮರೆತಿರಾ? ಕೊಚ್ಚಿಯ ಕುಸಾಟ್ ವಿಶ್ವವಿದ್ಯಾಲಯದ ಆವರಣದಲ್ಲಿ ಮಳೆ ಬಂತೆಂದು ಹೊರಗಿದ್ದವರು ಬಯಲು ರಂಗಮಂದಿರಕ್ಕೆ ನುಗ್ಗಿ, ಮೆಟ್ಟಿಲುಗಳಲ್ಲಿ ಬಿದ್ದು ನಾಲ್ವರು ಸತ್ತರು. ಮಗಳು ಹಠ ಹಿಡಿದಾಗ ನಾನೂ ಜೊತೆಗೆ ಹೋದೆ. ಮೊದಲು ನೋಡಿದ್ದು ಹೊರಹೋಗುವ ದಾರಿಗಳೆಷ್ಟು ಎಂದು. ಹನಿ ಬಿದ್ದ ಕೂಡಲೇ ಹೊರಟೆವು. ಮಗಳು ತಲಪಾಡಿ ದಾಟುವವರೆಗೆ ಮಾತನಾಡಲಿಲ್ಲ. ಆಡದಿರಲಿ.

ಉಪ್ಪಳದವ: ಮಾಷ್ಟ್ರೇ, ಕುಸಾಟ್‌ನಲ್ಲಿದ್ದದ್ದು ಸಿನಿಮಾ ಗಾಯಕಿಯ ಕಾರ್ಯಕ್ರಮ. ಹಿಪ್‌ಹಾಪ್ ತಲೆಗೆ ಅದನ್ನೇಕೆ ಕಟ್ಟುತ್ತೀರಿ?

ಕುಂಬಳೆಯ ಮಾಷ್ಟ್ರು: ನೂಕುನುಗ್ಗಲಿಗೆ ರಾಗ ತಾಳದ ಭೇದವಿದೆಯೇ? ನೀವು ಎಂಟು ರೂಪಾಯಿ ಹತ್ತು ಪೈಸೆಯ ಲೆಕ್ಕ ಬರೆಯುತ್ತಾ ಇರಿ.

ನೀರ್ಚಾಲಿನ ಹುಡುಗ: ಇಬ್ಬರೂ ಗಾಯಕನನ್ನು ಮಾತ್ರ ನೋಡಲು ಹೋದವರು. 1973ರ ಆಗಸ್ಟ್ 11ರಂದು ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ಹಿಪ್‌ಹಾಪ್ ಹುಟ್ಟಿದ್ದೇ ಡಿಜೆಯ ಕೈಯಲ್ಲಿ. ಕೂಲ್ ಹರ್ಕ್ ಎರಡು ಗ್ರಾಮಫೋನ್ ತಟ್ಟೆಗಳನ್ನಿಟ್ಟು ಹಾಡಿನ ತಾಳದ ತುಣುಕನ್ನಷ್ಟೇ ಮತ್ತೆ ಮತ್ತೆ ನುಡಿಸಿದ, ಜನ ಕುಣಿದರು. ಉಪ್ಪಳದವರು ಬೇಸರಪಟ್ಟ ಆ ಮೂರು ಗಂಟೆಗಳಲ್ಲಿ ಕುಣಿದ ಹುಡುಗರಲ್ಲಿ ನಾನೂ ಒಬ್ಬ. ಅಂಗೈ ಸುಲಿಯುವವರೆಗೆ ಸಿಮೆಂಟು ನೆಲದಲ್ಲಿ ಅಭ್ಯಾಸ ಮಾಡಿದ್ದೆವು. ಬಸ್ ಖರ್ಚೂ ಕೊಡಲಿಲ್ಲ. ಒಂದು ಟೀ ಶರ್ಟ್ ಕೊಟ್ಟರು, ಅದರಲ್ಲೂ ಪ್ರಾಯೋಜಕರ ಹೆಸರು.

ಉಪ್ಪಳದವ: ನೀವು ಚೆನ್ನಾಗಿಯೇ ಕುಣಿದಿರಿ. ನನ್ನ ಜಗಳ ಗಡಿಯಾರದ್ದು.

ಬದಿಯಡ್ಕದಿಂದ: ದಯವಿಟ್ಟು, ಮರಳುವ ಬಸ್?

ಮುಳ್ಳೇರಿಯದ ನರ್ಸ್: ನಾವು ಐವರು ಸೇರಿ ಕಾರು ಗೊತ್ತುಮಾಡಿದ್ದೆವು, 3,200. ತಲಪಾಡಿಯ ಟೋಲ್ ಬೇರೆ, ಕಾದದ್ದಕ್ಕೆಂದು ಚಾಲಕ ಇನ್ನೂ 300 ಕೇಳಿದ. ಮುಂದೆ ನಿಂತವರೇ ಕೊಡಲಿ ಎಂದೆ, ಅವರಿಗಾಗಿಯೇ ತಡವಾದದ್ದು.

ಕುಂಬಳೆಯ ಮಾಷ್ಟ್ರು: ಹತ್ತಕ್ಕೆ ನಿಲ್ಲಿಸಿದರೆಂದು ಅಳುವವರೇ, 2000ದ ಶಬ್ದಮಾಲಿನ್ಯ ನಿಯಮ ಯಕ್ಷಗಾನಕ್ಕೂ ಅನ್ವಯ. ಎಷ್ಟೋ ಮೇಳಗಳು ಇಡೀ ರಾತ್ರಿಯ ಆಟ ಬಿಟ್ಟು ಕಾಲಮಿತಿಗೆ ಇಳಿದವು.

ಉಪ್ಪಳದವ: ಹೌದು, ಆದರೆ ಭಾಗವತರು ಬಾಯಿ ಮುಚ್ಚಿದರೆ ಪದ ನಿಲ್ಲುತ್ತದೆ. ನನ್ನ ತಕರಾರು ಅಷ್ಟೇ.

ನೀರ್ಚಾಲಿನ ಹುಡುಗ: ಓಡಿ ಕುಣಿದು ಹಾಡುವವನಿಗೆ ಉಸಿರು ತೆಗೆಯಲು ಹಿನ್ನೆಲೆ ಧ್ವನಿ ಬೇಕಾಗುತ್ತದೆ ಸ್ವಾಮಿ. ಒಂದು ಪದ್ಯವನ್ನು ಅದೇ ವೇಗದಲ್ಲಿ ಜಿಗಿಯುತ್ತಾ ಹೇಳಿ ನೋಡಿ, ಆಮೇಲೆ ಮಾತನಾಡೋಣ.