ಶುಗರ್‌ಗೆ ನಿತ್ಯಪುಷ್ಪದ ಎಲೆ ಅಗಿಯಬಹುದಾ?

ಪ್ರಶ್ನೆ: ಮೇಡಂ, ಅಮ್ಮನಿಗೆ ಶುಗರ್ ಇದೆ. ಯಾರೋ ಹೇಳಿದರೆಂದು ದಿನಾ ಖಾಲಿ ಹೊಟ್ಟೆಗೆ ನಿತ್ಯಪುಷ್ಪದ ಎಲೆ ಅಗಿಯುತ್ತಿದ್ದಾರೆ. ಅದರಿಂದ ಕ್ಯಾನ್ಸರ್‌ಗೂ ಔಷಧಿ ಮಾಡ್ತಾರಂತೆ. ಹಾಗಾದ್ರೆ ಒಳ್ಳೇದೇ ಅಲ್ವಾ?

ಉತ್ತರ (ಔಷಧಶಾಸ್ತ್ರದ ಉಪನ್ಯಾಸಕಿ): ಕ್ಯಾನ್ಸರ್ ಔಷಧಿ ಮಾಡ್ತಾರೆ ಅನ್ನೋದೇ ಅದನ್ನು ಸುಮ್ನೆ ಅಗಿಯಬಾರದು ಅನ್ನೋದಕ್ಕೆ ಕಾರಣ!

1952ರಲ್ಲಿ ಕೆನಡಾದ ವೈದ್ಯ ಕ್ಲಾರ್ಕ್ ನೋಬಲ್‌ಗೆ ಜಮೈಕಾದಿಂದ ಒಂದು ಕವರ್ ಬಂತು. ಒಳಗೆ ಇದೇ ಗಿಡದ 25 ಎಲೆ. ಅಲ್ಲಿನವರು ಶುಗರ್‌ಗೆ ಇದರ ಕಷಾಯ ಕುಡಿಯುತ್ತಿದ್ದರು. ಕ್ಲಾರ್ಕ್ ಅವರ ತಮ್ಮ ರಾಬರ್ಟ್ ಅದನ್ನು ಇಲಿಗಳಿಗೆ ಕುಡಿಸಿ ನೋಡಿದರು. ಶುಗರ್ ಹೇಳಿಕೊಳ್ಳುವಷ್ಟು ಇಳಿಯಲಿಲ್ಲ. ಇಂಜೆಕ್ಷನ್ ಕೊಟ್ಟರೆ ಇಲಿಗಳು ಸೋಂಕು ತಗುಲಿ ಸತ್ತವು. ನೋಡಿದರೆ ರಕ್ತದ ಬಿಳಿ ಕಣಗಳು ಕುಸಿದಿದ್ದವು. ಬಿಳಿ ಕಣ ಹದ್ದುಮೀರಿ ಬೆಳೆಯೋದು ರಕ್ತದ ಕ್ಯಾನ್ಸರ್‌ನಲ್ಲಿ ತಾನೇ? ಅಲ್ಲಿಗೆ ಸಂಶೋಧನೆಯ ದಾರಿಯೇ ಬದಲಾಯಿತು. ರಾಬರ್ಟ್ ಮತ್ತು ಅವರ ಸಹೋದ್ಯೋಗಿ ಚಾರ್ಲ್ಸ್ ಬಿಯರ್ ಎಲೆಯಿಂದ ವಿನ್‌ಬ್ಲಾಸ್ಟಿನ್ ಅನ್ನೋ ಕ್ಯಾನ್ಸರ್ ಔಷಧಿ ಬೇರ್ಪಡಿಸಿದರು. ಆಮೇಲೆ ಇದೇ ಗಿಡದಿಂದ ಬಂದ ವಿನ್‌ಕ್ರಿಸ್ಟಿನ್ ಇವತ್ತಿಗೂ ಮಕ್ಕಳ ರಕ್ತದ ಕ್ಯಾನ್ಸರ್‌ಗೆ ಮುಖ್ಯ ಔಷಧಿ.

ಇವು ಜೀವಕೋಶ ಎರಡಾಗೋದನ್ನೇ ತಡೆಯುತ್ತವೆ. ವಿನ್‌ಕ್ರಿಸ್ಟಿನ್ ನರಗಳನ್ನೂ ಬಿಡೋದಿಲ್ಲ: ಕೈಕಾಲು ಜೋಮು, ಮಲಬದ್ಧತೆ. ಅದಕ್ಕೇ ಮಿಲಿಗ್ರಾಂ ಲೆಕ್ಕದಲ್ಲಿ, ರಕ್ತ ಪರೀಕ್ಷೆ ಮಾಡುತ್ತಾ, ನೇರ ರಕ್ತನಾಳಕ್ಕೆ ಕೊಡೋದು. 1 ಗ್ರಾಂ ವಿನ್‌ಬ್ಲಾಸ್ಟಿನ್‌ಗೆ ಸುಮಾರು 500 ಕೆಜಿ ಒಣಎಲೆ ಬೇಕು. ಹಾಗಾಗಿ ನಾಲ್ಕು ಎಲೆಯಿಂದ ಕ್ಯಾನ್ಸರ್ ದೂರವಾಗೋದಿಲ್ಲ. ಆದರೆ ಈ ಗಿಡದಲ್ಲಿ ನೂರಕ್ಕೂ ಹೆಚ್ಚು ಆಲ್ಕಲಾಯ್ಡ್‌ಗಳಿವೆ, ಅಂದ್ರೆ ಗಿಡ ತಾನೇ ತಯಾರಿಸುವ, ಮೈಮೇಲೆ ಬಲವಾಗಿ ಕೆಲಸ ಮಾಡಬಲ್ಲ ರಾಸಾಯನಿಕಗಳು; ಈ ಎರಡು ಔಷಧಿಗಳೂ ಅವೇ. ಯಾವ ಎಲೆಯಲ್ಲಿ ಯಾವುದು ಎಷ್ಟು ಅಂತ ತೂಗಿ ಕೊಡೋರು ಯಾರು?

ಮತ್ತೊಬ್ಬ ಸದಸ್ಯರು: ಎಲೆಯಲ್ಲಿ ಅಮೈನೋ ಆಮ್ಲ ಇದೆ, ಅದೇ ಕೆಲಸ ಮಾಡೋದು ಅಂತ ವಾಟ್ಸಾಪ್‌ನಲ್ಲಿ ಬಂದಿತ್ತು.

ಉತ್ತರ: ಅಮೈನೋ ಆಮ್ಲ ಅಂದ್ರೆ ಪ್ರೋಟೀನ್ ಕಟ್ಟುವ ಇಟ್ಟಿಗೆ, ಅದು ದಂಟಿನ ಸೊಪ್ಪಲ್ಲೂ ಇರುತ್ತೆ! ನಿತ್ಯಪುಷ್ಪ ಟ್ರಿಪ್ಟೋಫ್ಯಾನ್ ಅನ್ನೋ ಅಮೈನೋ ಆಮ್ಲದಿಂದಲೇ ಈ ಆಲ್ಕಲಾಯ್ಡ್‌ಗಳನ್ನು ಕಟ್ಟೋದು, ಅದು ನಿಜ. ಶುಗರ್ ವಿಷಯಕ್ಕೆ ಬಂದರೆ ಮೆಂತ್ಯದ ಕಾಳು ನೋಡಿ. ಅದರಲ್ಲಿ 4-ಹೈಡ್ರಾಕ್ಸಿಐಸೊಲ್ಯೂಸಿನ್ ಅನ್ನೋ ಅಮೈನೋ ಆಮ್ಲ ಇದೆ. ಗ್ಲೂಕೋಸ್ ಜಾಸ್ತಿ ಇದ್ದಾಗ ಇನ್ಸುಲಿನ್ ಹೆಚ್ಚು ಬಿಡುವಂತೆ ಮಾಡುತ್ತದೆ ಅಂತ ಲ್ಯಾಬ್‌ನಲ್ಲಿ ಕಂಡಿದೆ. ಅಡುಗೆಗೆ ಧಾರಾಳ ಹಾಕಿ. ಚಮಚಗಟ್ಟಲೆ ಪುಡಿ ತಿನ್ನೋದಾದರೆ ಮಾತ್ರ ಡಾಕ್ಟರಿಗೆ ಹೇಳಿ. ಗ್ಲಿಮೆಪಿರೈಡ್ ಥರದ ಶುಗರ್ ಮಾತ್ರೆ ಜೊತೆ ಶುಗರ್ ತೀರಾ ಇಳಿಯಬಹುದು.

ಪ್ರಶ್ನೆ ಕೇಳಿದವರು: ಅಮ್ಮ ತಗೊಳ್ಳೋದು ಮೆಟ್‌ಫಾರ್ಮಿನ್. ಕೆಮಿಕಲ್ ಬೇಡ, ಗಿಡದ್ದೇ ಬೇಕು ಅಂತಾರೆ.

ಉತ್ತರ: ಹಾಗಿದ್ರೆ ಅವರಿಗೆ ಇದನ್ನು ಹೇಳಿ. ಯುರೋಪಿನಲ್ಲಿ ಗ್ಯಾಲೆಗಾ ಅನ್ನೋ ಗಿಡವಿದೆ. ಅದರಲ್ಲಿರುವ ಗ್ಯಾಲೆಗಿನ್ ಅನ್ನೋ ರಾಸಾಯನಿಕ ಶುಗರ್ ಇಳಿಸುತ್ತಿತ್ತು, ಆದರೆ ವಿಷ ಜಾಸ್ತಿ. ಅದೇ ಜಾಡು ಹಿಡಿದು ಮಾಡಿದ್ದೇ ಮೆಟ್‌ಫಾರ್ಮಿನ್. 1957ರಲ್ಲಿ ಪ್ಯಾರಿಸ್‌ನ ಜಾನ್ ಸ್ಟರ್ನ್ ಅದನ್ನು ಶುಗರ್ ರೋಗಿಗಳಿಗೆ ಕೊಟ್ಟು ಫಲಿತಾಂಶ ಪ್ರಕಟಿಸಿದರು. ಎಲೆ ಇವತ್ತೇ ನಿಲ್ಲಿಸಿ. ಮಾತ್ರೆ ಮಾತ್ರ ಬಿಡಬೇಡಿ.